ಓದಲು ಮಾತ್ರವಲ್ಲ, ಬರೆಯಲೂ ಜಾಗ ಕೊಡಿ

ಐದನೇ ತರಗತಿಯಲ್ಲಿದ್ದಾಗ ‘ನಾನು ಕೈಗೊಂಡ ಪ್ರವಾಸ’ ಎಂಬ ಪ್ರಬಂಧ ಬರೆದಿದ್ದೆ. ಮೈಸೂರಿಗೆ ಹೋದೆವು, ಅರಮನೆ ನೋಡಿದೆವು, ಮೃಗಾಲಯದಲ್ಲಿ ಆನೆ, ಜಿರಾಫೆ ನೋಡಿದೆವು, ಸಂಜೆ ಬೃಂದಾವನದ ಕಾರಂಜಿ ನೋಡಿ ಆನಂದಪಟ್ಟೆವು ಎಂದು ಬರೆದೆ. ಹತ್ತಕ್ಕೆ ಎಂಟು ಅಂಕ ಬಂತು. ಗೆಳೆಯರೇ, ನಾನು ಇವತ್ತಿಗೂ ಮೈಸೂರು ನೋಡಿಲ್ಲ. ಆ ದಿನ ನಮ್ಮ ತರಗತಿಯ ಹೆಚ್ಚುಕಡಿಮೆ ಎಲ್ಲರೂ ಗೈಡಿನ ಅದೇ ಪುಟದಿಂದ ಅದೇ ಮೈಸೂರಿಗೆ ಹೋಗಿ ಬಂದಿದ್ದರು.

ಅದೇ ವರ್ಷ ನಾನು ನಿಜವಾಗಿ ಮಾಡಿದ ಪ್ರವಾಸವೂ ಒಂದಿತ್ತು. ಕಮಲಾಪುರದ ಹತ್ತಿರದ ಹಳ್ಳಿಯಲ್ಲಿರುವ ಖಾಲಾನ ಮನೆಗೆ ಅಮ್ಮಿಯ ಜೊತೆ ಬಸ್ಸಿನಲ್ಲಿ ಹೋಗಿದ್ದೆ. ವಾಪಸ್ ಬರುವಾಗ ಖಾಲೂ ಒಂದು ಡಜನ್ ಕೆಂಪು ಬಾಳೆಕಾಯಿ ಕೊಟ್ಟರು. ಭೌಗೋಳಿಕ ಮಾನ್ಯತೆ ಪಡೆದ ಕಮಲಾಪುರದ ಕೆಂಪು ಬಾಳೆ ನಿಮಗೆಲ್ಲ ಗೊತ್ತೇ ಇದೆ. ಅದನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು, ಹಣ್ಣಾಯಿತೇ ಎಂದು ದಿನಕ್ಕೆ ಮೂರು ಸಲ ಮೂಸಿ ನೋಡುತ್ತಿದ್ದೆ. ಆ ಬಸ್ಸು, ಆ ಡಬ್ಬಿ, ಆ ವಾಸನೆ ಯಾವುದನ್ನೂ ನಾನು ಬರೆಯಲಿಲ್ಲ. ಗೈಡಿನಲ್ಲಿ ಕಮಲಾಪುರ ಇರಲಿಲ್ಲ.

ಆ ಗೈಡು ಬಂದದ್ದು ನಮ್ಮ ಅಬ್ಬಾನ ಅಂಗಡಿಯಿಂದಲೇ. ಅಬ್ಬಾ ಜೆರಾಕ್ಸ್ ಮತ್ತು ಸ್ಟೇಷನರಿ ಅಂಗಡಿ ಇಟ್ಟಿದ್ದಾರೆ. ಗೈಡು ಮಾರಿದ ದುಡ್ಡಿನಿಂದಲೇ ನನ್ನ ಕಾಲೇಜಿನ ಫೀಸು ಕಟ್ಟುತ್ತಾರೆ. ಆದ್ದರಿಂದ ಗೈಡನ್ನು ಬೈಯುವ ಹಕ್ಕು ನನಗಿಲ್ಲ. ಆದರೆ 2025ರ ಫೆಬ್ರವರಿಯಲ್ಲಿ ಐದನೇ ತರಗತಿಯಲ್ಲಿದ್ದ ನನ್ನ ತಂಗಿ ಅದೇ ಪ್ರಬಂಧದ ಮುಂದೆ ಕುಳಿತು ನನ್ನನ್ನು ಕೇಳಿದಳು: “ಆಪಾ, ಸಚ್ಚೀ ಕಾ ಲಿಖ್ನಾ ಯಾ ಗೈಡ್ ಕಾ ಲಿಖ್ನಾ?” ನಿಜವಾದದ್ದು ಬರೆಯಲೋ, ಗೈಡಿನದು ಬರೆಯಲೋ ಎಂದು. ನಾನು ಗೈಡಿನದೇ ಬರಿ, ಅಂಕ ಬರುತ್ತದೆ ಎಂದೆ. ಅವಳು ಮರುಮಾತಿಲ್ಲದೆ ಬರೆದಳು. ಆ ಉತ್ತರ ಕೊಟ್ಟ ನಾಚಿಕೆಯಿಂದಲೇ ಈ ಲೇಖನ ಬರೆಯುತ್ತಿದ್ದೇನೆ.

ನಾನು ಹೇಳಬೇಕಾದದ್ದು ಇಷ್ಟೇ. ನಮ್ಮ ಊರಿನ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಮಕ್ಕಳಿಗಾಗಿ ಬರವಣಿಗೆಯ ಕಮ್ಮಟ ನಡೆಯಬೇಕು. ವರ್ಷಕ್ಕೊಮ್ಮೆ ಬ್ಯಾನರ್ ಕಟ್ಟಿ ಪ್ರಬಂಧ ಸ್ಪರ್ಧೆ ಮಾಡಿ ಮೂವರಿಗೆ ಬಹುಮಾನ ಕೊಡುವುದಲ್ಲ. ವಾರಕ್ಕೊಂದು ಗಂಟೆ, ಅಂಕವಿಲ್ಲದೆ, ಫೀಸಿಲ್ಲದೆ, ಮಗು ತಾನು ಕಂಡದ್ದನ್ನು ತನ್ನ ವಾಕ್ಯದಲ್ಲಿ ಬರೆಯುವ ಜಾಗ.

ಶಾಲೆಯಲ್ಲೇ ಏಕೆ ಆಗಬಾರದು ಎಂದು ಕೇಳಬಹುದು. ಶಾಲೆಯ ಟೀಚರ್‌ಗಳನ್ನು ನಾನು ದೂರುವುದಿಲ್ಲ. ಒಂದು ತರಗತಿಯಲ್ಲಿ ಐವತ್ತು ಮಕ್ಕಳಿದ್ದರೆ ಐವತ್ತು ಬೇರೆ ಬೇರೆ ಪ್ರವಾಸಗಳನ್ನು ಓದಿ ಅಂಕ ಹಾಕಲು ಅವರಿಗೆ ಸಮಯವೆಲ್ಲಿದೆ? ಇನ್ನು ಮನೆ. ನಮ್ಮಂಥ ಉರ್ದು ಮಾತನಾಡುವ ಮನೆಗಳಲ್ಲಿ ಮಗು ಬರೆದ ಕನ್ನಡವನ್ನು ಓದಿ ‘ಇದು ಚೆನ್ನಾಗಿದೆ’ ಎನ್ನುವವರು ಎಷ್ಟೋ ಸಲ ಇರುವುದೇ ಇಲ್ಲ. ಖೂಬಾ ಪ್ಲಾಟಿನ ನಮ್ಮ ರಸ್ತೆಯಲ್ಲಿ ಟ್ಯೂಷನ್ ಬೋರ್ಡುಗಳಿಗೆ ಕೊರತೆಯಿಲ್ಲ. ಗಣಿತಕ್ಕಿದೆ, ವಿಜ್ಞಾನಕ್ಕಿದೆ, ಇಂಗ್ಲಿಷ್ ಮಾತನಾಡುವುದಕ್ಕೂ ಇದೆ. ಸುಮ್ಮನೆ ಕುಳಿತು ಒಂದು ಕಥೆ ಬರೆಯುವುದಕ್ಕೆ ಬೋರ್ಡಿಲ್ಲ, ಇದ್ದರೂ ಅದಕ್ಕೆ ಫೀಸು ಕಟ್ಟುವವರು ಕಡಿಮೆ. ಶಾಲೆಯೂ ಅಲ್ಲದ, ಮನೆಯೂ ಅಲ್ಲದ, ಟ್ಯೂಷನ್ನೂ ಅಲ್ಲದ ಒಂದೇ ಜಾಗ ಸಾರ್ವಜನಿಕ ಗ್ರಂಥಾಲಯ.

ಇದು ನನ್ನ ಹೊಸ ಕಲ್ಪನೆಯೇನಲ್ಲ. ಯುನೆಸ್ಕೊ 1994ರಲ್ಲಿ ಪ್ರಕಟಿಸಿದ, 2022ರಲ್ಲಿ ಪರಿಷ್ಕರಿಸಿದ ಸಾರ್ವಜನಿಕ ಗ್ರಂಥಾಲಯ ಪ್ರಣಾಳಿಕೆಯಲ್ಲಿ, ಮಕ್ಕಳ ಕಲ್ಪನೆ ಮತ್ತು ಸೃಜನಶೀಲತೆಯನ್ನು ಬೆಳೆಸುವುದೂ ಗ್ರಂಥಾಲಯದ ಕೆಲಸ ಎಂದು ಸ್ಪಷ್ಟವಾಗಿ ಹೇಳಿದೆ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರಗಳನ್ನು ಕೊಟ್ಟರು. ಐದನೆಯದರ ಪ್ರಕಾರ ಗ್ರಂಥಾಲಯ ಬೆಳೆಯುವ ಒಂದು ಜೀವಿ. ಪುಸ್ತಕ ಖರೀದಿಸುವುದರಿಂದ ಮಾತ್ರ ಅದು ಬೆಳೆಯಬೇಕೇ? ಓದುವವರು ಬರೆಯುವವರಾದರೂ ಅದು ಬೆಳೆದಂತೆಯೇ ಅಲ್ಲವೇ?

ಈಗ ವಾಣಿಜ್ಯದ ವಿದ್ಯಾರ್ಥಿನಿಯಾಗಿ ಒಂದು ಲೆಕ್ಕ ಹೇಳುತ್ತೇನೆ. ನಿಮ್ಮ ಮನೆಯ ಆಸ್ತಿ ತೆರಿಗೆ ರಸೀದಿಯನ್ನು ಒಮ್ಮೆ ತೆಗೆದು ನೋಡಿ. ಅದರಲ್ಲಿ ಗ್ರಂಥಾಲಯದ ಹೆಸರಿನಲ್ಲೂ ಒಂದು ಮೊತ್ತ ಇರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಕರ್ನಾಟಕದಲ್ಲಿ ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ಮೂರು ಸಾವಿರ ರೂಪಾಯಿ ತೆರಿಗೆ ಕಟ್ಟುವ ಮನೆ 180 ರೂಪಾಯಿ ಗ್ರಂಥಾಲಯಕ್ಕೆ ಕೊಟ್ಟಂತೆ. ಬಾಡಿಗೆ ಮನೆಯವರೂ ಬಾಡಿಗೆಯೊಳಗೆ ಅದನ್ನು ಕೊಡುತ್ತಲೇ ಇದ್ದಾರೆ. ಅಂದರೆ ನಾವು ಕೇಳುತ್ತಿರುವುದು ದಾನವಲ್ಲ. ದುಡ್ಡು ಕಟ್ಟಿಯಾಗಿದೆ, ಸಾಮಾನು ತೆಗೆದುಕೊಂಡಿಲ್ಲ ಅಷ್ಟೆ.

ಹಳ್ಳಿಗಳಲ್ಲಿ ಈ ಕೆಲಸ ಸ್ವಲ್ಪ ಮುಂದೆ ಹೋಗಿದೆ ಎಂಬುದನ್ನೂ ಹೇಳಬೇಕು. 2020ರ ನವೆಂಬರಿನಲ್ಲಿ ಸರ್ಕಾರ ‘ಓದುವ ಬೆಳಕು’ ಕಾರ್ಯಕ್ರಮ ಆರಂಭಿಸಿ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಈಗ ಅವನ್ನು ‘ಅರಿವು ಕೇಂದ್ರ’ ಎಂದು ಕರೆಯುತ್ತಾರೆ. ಕಮಲಾಪುರದ ಕಡೆಯ ನನ್ನ ಖಾಲಾನ ಮಗಳ ಹತ್ತಿರ ಆ ಕಾರ್ಡಿದೆ. ಕಳೆದ ರಜೆಯಲ್ಲಿ ಅವಳು ಅದನ್ನು ತೋರಿಸಿ, “ನಿಂದು ಎಲ್ಲಿ?” ಎಂದು ಕೇಳಿದಳು. ನಗರದಲ್ಲಿ ಹುಟ್ಟಿ ಬೆಳೆದ ನನ್ನ ಹತ್ತಿರ ಇರಲಿಲ್ಲ. ಮಕ್ಕಳನ್ನು ಓದಿನ ಬಾಗಿಲ ತನಕ ತಂದದ್ದು ದೊಡ್ಡ ಕೆಲಸ. ಮುಂದಿನ ಹೆಜ್ಜೆ ಅವರ ಕೈಗೆ ಪೆನ್ಸಿಲ್ ಕೊಡುವುದು.

ನಮ್ಮ ಕಾಲೇಜಿನ ಪ್ರಾರ್ಥನಾ ಸಭೆಯಲ್ಲಿ ‘ಇಕ್ರಾ’, ಅಂದರೆ ‘ಓದು’ ಎಂಬ ಮಾತನ್ನು ನಾವೆಲ್ಲ ಎಷ್ಟು ಸಲ ಕೇಳಿಲ್ಲ! ಅದರ ಜೊತೆಯಲ್ಲೇ ಲೇಖನಿಯ ಮಾತೂ ಬರುತ್ತದೆ. ಓದಿನ ಬಗ್ಗೆ ನಾವು ಗೋಡೆ ತುಂಬ ಪೋಸ್ಟರ್ ಹಚ್ಚಿದ್ದೇವೆ. ಲೇಖನಿಯನ್ನು ಪರೀಕ್ಷೆಗೆ ಮಾತ್ರ ಇಟ್ಟುಕೊಂಡಿದ್ದೇವೆ.

ಬರೀ ಮಾತಾಡಿದರೆ ಸಾಲದು ಎಂದು 2025ರ ಮೇ ತಿಂಗಳಲ್ಲಿ ನಾನೂ ನನ್ನ ಇಬ್ಬರು ಗೆಳತಿಯರೂ ಒಂದು ಪ್ರಯತ್ನ ಮಾಡಿದೆವು. ಮೊದಲು ಮನೆಯಿಂದ ನಡೆದು ಹೋಗುವಷ್ಟು ದೂರದ ಒಂದು ಗ್ರಂಥಾಲಯಕ್ಕೆ ಹೋಗಿ ಕೇಳಿದೆವು. ಅಲ್ಲಿದ್ದ ಕಾಕಾ ಪ್ರೀತಿಯಿಂದಲೇ ಹೇಳಿದರು: “ಹುಡುಗ್ರು ಅಂದ್ರ ಗದ್ಲ ಆಗ್ತದವ್ವಾ. ಓದಲಕ್ಕ ಕುಂತವರಿಗಿ ತ್ರಾಸ ಆಗ್ತದ.” ಒಳಗೆ ನೋಡಿದರೆ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಪರೀಕ್ಷೆಗೆ ಓದುವ ಅಣ್ಣಂದಿರು, ಅಕ್ಕಂದಿರು. ಅಫಜಲಪುರ, ಜೇವರ್ಗಿ, ಆಳಂದ, ಚಿತ್ತಾಪುರದ ಹಳ್ಳಿಗಳಿಂದ ಬಂದು, ರೂಮು ಮಾಡಿಕೊಂಡು, ಡಬ್ಬಿ ಕಟ್ಟಿಕೊಂಡು ಬಂದು ಕೂಡುವವರು. ಅವರ ಕುರ್ಚಿ ಕಿತ್ತುಕೊಂಡು ಮಕ್ಕಳಿಗೆ ಕೊಡಿ ಎಂದು ನಾನು ಹೇಳಲಾರೆ. ಕಾಕಾ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮಕ್ಕಳಿಗೆ ಬೇರೆ ಕೋಣೆ ಬೇಕು, ಇಲ್ಲವೆ ಬೇರೆ ಸಮಯ ಬೇಕು. ಭಾನುವಾರ ಬೆಳಿಗ್ಗೆ ಒಂದು ಗಂಟೆ, ವರಾಂಡವಾದರೂ ಸರಿ.

ಕೊನೆಗೆ ನಮ್ಮ ಮನೆಯ ಮಾಳಿಗೆಯೇ ಗತಿಯಾಯಿತು. ನಾಲ್ಕು ಭಾನುವಾರ, ಬೆಳಿಗ್ಗೆ ಏಳರಿಂದ ಎಂಟೂವರೆ. ಮೇ ತಿಂಗಳ ಕಲಬುರಗಿಯಲ್ಲಿ ಒಂಬತ್ತರ ನಂತರ ಮಾಳಿಗೆಯ ಮೇಲೆ ಕಾಲಿಡಲಾಗದು. ಗಲ್ಲಿಯ ಒಂಬತ್ತು ಮಕ್ಕಳು ಬಂದರು. ಅಬ್ಬಾನ ಅಂಗಡಿಯಲ್ಲಿ ಕೆಟ್ಟುಹೋದ ಜೆರಾಕ್ಸ್ ಹಾಳೆಗಳ ಖಾಲಿ ಬೆನ್ನು ನಮ್ಮ ನೋಟ್‌ಬುಕ್.

ಮೊದಲ ಭಾನುವಾರ ಪೂರ್ತಿ ಸೋಲು. ‘ನಿಮಗೆ ಇಷ್ಟವಾದ ವಿಷಯ ಬರೆಯಿರಿ’ ಎಂದೆ. ಎಲ್ಲರೂ ‘ಪರಿಸರ ಮಾಲಿನ್ಯ’ ಮತ್ತು ‘ನನ್ನ ಮೆಚ್ಚಿನ ನಾಯಕ’ ಬರೆದರು. ಬಾಯಿಪಾಠ ಅಷ್ಟು ಗಟ್ಟಿ. ನಮ್ಮ ಕನ್ನಡ ಸರ್‌ಗೆ ಫೋನ್ ಮಾಡಿ ಕೇಳಿದಾಗ ಅವರು ಇಟಲಿಯ ಮಕ್ಕಳ ಲೇಖಕ ಜಾನ್ನಿ ರೊದಾರಿಯ ಒಂದು ಉಪಾಯ ಹೇಳಿದರು. ರೊದಾರಿ ಶಾಲಾ ಶಿಕ್ಷಕರಾಗಿದ್ದವರು. ಮಕ್ಕಳು ಕಥೆ ಕಟ್ಟುವುದು ಹೇಗೆಂದು 1973ರಲ್ಲಿ ಒಂದು ಪುಸ್ತಕವನ್ನೇ ಬರೆದವರು. ಅವರ ಉಪಾಯ ಸರಳ: ಒಂದಕ್ಕೊಂದು ಸಂಬಂಧವಿಲ್ಲದ ಎರಡು ಪದ ಕೊಡಿ, ನಡುವಿನ ಕಥೆಯನ್ನು ಮಗು ಹುಡುಕುತ್ತದೆ. ಎರಡನೇ ಭಾನುವಾರ ನಾವು ಕೊಟ್ಟ ಪದಗಳು ‘ಬಾಳೆಹಣ್ಣು’ ಮತ್ತು ‘ಆಟೋ ಮೀಟರ್’. ಮಾಳಿಗೆ ತುಂಬ ನಗು. ಮೀಟರ್ ಹಾಕದ ಆಟೋದವನಿಗೆ ದುಡ್ಡಿನ ಬದಲು ಬಾಳೆಹಣ್ಣು ಎಣಿಸಿ ಕೊಟ್ಟ ಅಜ್ಜಿಯ ಕಥೆಯೊಂದು ಬಂತು. ಅದನ್ನು ಗೈಡಿನಲ್ಲಿ ಎಷ್ಟು ಹುಡುಕಿದರೂ ಸಿಗದು.

ಮೂರನೇ ವಾರ ‘ನಿಮ್ಮ ಮನೆಯಲ್ಲಿ ಯಾವ ವಾಸನೆ ಬರುತ್ತದೆ?’ ಎಂದು ಕೇಳಿದೆವು. ಆರನೇ ತರಗತಿಗೆ ಹೋಗುವ ಒಬ್ಬ ಹುಡುಗ ಬಹಳ ಹೊತ್ತು ಸುಮ್ಮನೆ ಕುಳಿತಿದ್ದ. ಕನ್ನಡದಲ್ಲಿ ‘ಡಲ್’ ಎಂದು ಶಾಲೆಯಲ್ಲಿ ಹೆಸರಾದವನು. ಅವನ ತಂದೆ ಜಿದ್ದಾದಲ್ಲಿ ಕೆಲಸ ಮಾಡುತ್ತಾರೆ. ಅವನು ಬರೆದದ್ದು ಎರಡೇ ಸಾಲು. ಅಬ್ಬಾ ವಿಡಿಯೊ ಕಾಲ್‌ನಲ್ಲಿ ಮನೆ ಎಲ್ಲಾ ನೋಡುತ್ತಾರೆ, ಅವರಿಗೆ ನಮ್ಮ ಮನೆ ವಾಸನೆ ಬರುವುದಿಲ್ಲ ಎಂದು. ‘ವಾಸನೆ’ಯನ್ನು ‘ವಾಸನಿ’ ಎಂದು ಬರೆದಿದ್ದ. ‘ಬರುವುದಿಲ್ಲ’ದಲ್ಲಿ ಒಂದು ಒತ್ತು ತಪ್ಪಿತ್ತು. ನನ್ನ ಕೈಯಲ್ಲಿ ಕೆಂಪು ಪೆನ್ನಿತ್ತು. ನಾನು ಅದರ ಕ್ಯಾಪ್ ಹಾಕಿದೆ. ಸಂಜೆ ಅವನ ತಾಯಿ ಬಂದು, ಅವರಿಗೆ ಕನ್ನಡ ಓದಲು ಬಾರದ್ದರಿಂದ, ನನ್ನಿಂದ ಓದಿಸಿಕೊಂಡು ಕೇಳಿದರು. ಏನೂ ಮಾತಾಡಲಿಲ್ಲ. ಹಾಳೆಯ ಫೋಟೊ ತೆಗೆದು ಜಿದ್ದಾಕ್ಕೆ ಕಳಿಸಿದರು.

ತಪ್ಪುಗಳನ್ನು ತಿದ್ದಬೇಡಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಮಕ್ಕಳು ‘ಬಾಳೆ’ಯನ್ನು ‘ಬಾಲೆ’ ಎಂದು ಬರೆಯುತ್ತಾರೆ, ಏಕೆಂದರೆ ಮನೆಯ ಮಾತಿನಲ್ಲಿ ‘ಳ’ ಇಲ್ಲ. ಅದನ್ನು ತಿದ್ದಲೇಬೇಕು. ಆದರೆ ಯಾವಾಗ ಎಂಬುದು ಪ್ರಶ್ನೆ. ಮಗು ಹೇಳಬೇಕಾದದ್ದನ್ನು ಹೇಳಿ ಮುಗಿಸಿದ ಮೇಲೆ, ಅದರ ಪಕ್ಕದಲ್ಲಿ ಕುಳಿತು, ಇದನ್ನು ಬೇರೆಯವರೂ ಓದಬೇಕಲ್ಲ, ಸರಿ ಮಾಡೋಣ ಬಾ ಎಂದರೆ ಮಗು ತಾನೇ ತಿದ್ದುತ್ತದೆ. ಮುಂದಿನ ವಾರ ಆ ಹುಡುಗ ‘ವಾಸನೆ’ಯನ್ನು ತಾನೇ ಸರಿ ಮಾಡಿದ. ಕಮ್ಮಟದಲ್ಲಿ ನಡೆಯುವುದು ಇದೇ: ಬರೆಯುವುದು, ಓದಿ ಹೇಳುವುದು, ಬೇರೆಯವರಿಂದ ಕೇಳುವುದು, ಮತ್ತೆ ಬರೆಯುವುದು. ಪರೀಕ್ಷೆಯಲ್ಲಿ ‘ಮತ್ತೆ ಬರೆಯುವುದು’ ಎಂಬುದೇ ಇಲ್ಲ.

‘ಕಮ್ಮಟ’ ಎಂಬ ಪದಕ್ಕೆ ಮೂಲದಲ್ಲಿ ನಾಣ್ಯ ಅಚ್ಚು ಹಾಕುವ ಟಂಕಸಾಲೆ ಎಂಬ ಅರ್ಥವಿದೆ ಎಂದು ಸರ್ ಹೇಳಿದಾಗ ನನಗೆ ಖುಷಿಯಾಯಿತು. 1347ರಲ್ಲಿ ಬಹಮನಿ ರಾಜ್ಯದ ರಾಜಧಾನಿಯಾದ ನಮ್ಮ ಊರಿಗೆ ಆಗ ಅಹ್ಸನಾಬಾದ್ ಎಂಬ ಹೆಸರಿತ್ತು. ಆ ಹೆಸರು ಹೊತ್ತ ನಾಣ್ಯಗಳು ಇಲ್ಲಿ ಅಚ್ಚಾಗುತ್ತಿದ್ದವು. ಸ್ವಂತ ನಾಣ್ಯ ಅಚ್ಚು ಹಾಕಿದ ಊರಿನ ಮಕ್ಕಳು ವಾಕ್ಯಗಳನ್ನು ಗೈಡಿನಿಂದ ಸಾಲ ತರುವುದು ಚೆಂದವಲ್ಲ.

ನಮ್ಮ ನಾಲ್ಕನೇ ಭಾನುವಾರಕ್ಕೆ ಕೆಲವೇ ದಿನ ಮೊದಲು ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡದ ಪುಸ್ತಕಕ್ಕೆ ಇದೇ ಮೊದಲು. ನಮ್ಮ ಕ್ಲಾಸಿನ ಗ್ರೂಪಿನಲ್ಲಿ ಆ ಫೋಟೊ ಎಷ್ಟು ಸಲ ಬಂತೋ ಲೆಕ್ಕವಿಲ್ಲ. ನಮ್ಮ ಹಾಗೆ ಮನೆಯಲ್ಲಿ ದಖ್ಖನಿ ಉರ್ದು ಮಾತನಾಡುವವರು ಎಂಬ ಹೆಮ್ಮೆ. ಆದರೆ ಆ ಫೋಟೊ ಕಳಿಸುವಾಗ ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ಎಂಟು ವರ್ಷದ ಬಾನು ಅವರನ್ನು ಶಿವಮೊಗ್ಗದ ಒಂದು ಮಿಷನರಿ ಶಾಲೆಗೆ ಸೇರಿಸಿದ್ದು, ಆರು ತಿಂಗಳಲ್ಲಿ ಕನ್ನಡ ಓದಲು ಬರೆಯಲು ಕಲಿಯಬೇಕು ಎಂಬ ಷರತ್ತಿನ ಮೇಲೆ. ಅವರು ಕೆಲವೇ ದಿನಗಳಲ್ಲಿ ಬರೆಯತೊಡಗಿದರಂತೆ. ಪ್ರತಿಭೆ ಅವರದು, ನಿಜ. ಆದರೆ ಬಾಗಿಲನ್ನು ಯಾರೋ ತೆರೆದಿದ್ದರು.

ಕನ್ನಡದಲ್ಲಿ ಇದು ಹಳೆಯ ಕಥೆಯೇ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಮಕ್ಕಳಿಗಾಗಿ ಬರೆದ ಪಂಜೆ ಮಂಗೇಶರಾಯರದು ಕೊಂಕಣಿ. ಮನೆಮಾತು ಕನ್ನಡವೇ ಆದವರಿಗೂ ಅಂಜಿಕೆ ಇರುತ್ತದೆ, ಏಕೆಂದರೆ ನಮ್ಮ ಕಲಬುರಗಿ ಮಾತು ಪುಸ್ತಕದ ಮಾತಿನಂತಿಲ್ಲ. ಅವರು ಗೀತಾ ನಾಗಭೂಷಣ ಅವರನ್ನು ನೆನೆಯಲಿ. ನಮ್ಮದೇ ಊರಿನ ಎಂಎಸ್‌ಕೆ ಮಿಲ್ಲಿನ ಕಾರ್ಮಿಕರ ಮಗಳು. ಈ ನೆಲದ ಮಾತಿನಲ್ಲೇ ಬರೆದ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು.

ಅಬ್ಬಾ ಕೇಳುವ ಪ್ರಶ್ನೆಗೂ ಉತ್ತರ ಕೊಡಬೇಕು. “ಕಥೆ ಬರೆದರೆ ಹೊಟ್ಟೆ ತುಂಬುತ್ತದೆಯೇ?” ಬಹಳ ಜನರ ಹೊಟ್ಟೆ ತುಂಬುವುದಿಲ್ಲ, ಒಪ್ಪುತ್ತೇನೆ. ನಾನೂ ಲೇಖಕಿಯಾಗಲು ಹೊರಟಿಲ್ಲ, ಇನ್ಶಾ ಅಲ್ಲಾಹ್ ಸಿ.ಎ. ಮಾಡಬೇಕೆಂದಿದ್ದೇನೆ. ಆದರೆ ಅಕೌಂಟೆನ್ಸಿಯಲ್ಲಿ ನಮಗೆ ಮೊದಲು ಕಲಿಸಿದ್ದೇನು? ಪ್ರತಿ ಜರ್ನಲ್ ಎಂಟ್ರಿಯ ಕೆಳಗೆ ನರೇಷನ್ ಬರೆಯಬೇಕು. ಡೆಬಿಟ್, ಕ್ರೆಡಿಟ್ ಎಷ್ಟೇ ಸರಿಯಿದ್ದರೂ ಏನು ನಡೆಯಿತು ಎಂಬ ಒಂದು ಸಾಲು ಇಲ್ಲದಿದ್ದರೆ ಆ ಎಂಟ್ರಿ ಅಪೂರ್ಣ. ನಾಳೆ ಬ್ಯಾಂಕಿಗೆ ಅರ್ಜಿ ಬರೆಯುವಾಗ, ಪೊಲೀಸ್ ಠಾಣೆಯಲ್ಲಿ ದೂರು ಬರೆಯುವಾಗ, ಪಾಲಿಕೆಗೆ ನೀರು ಬಂದಿಲ್ಲ ಎಂದು ಬರೆಯುವಾಗ ಗೈಡು ಜೊತೆಗೆ ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯಲು ಬಾರದವನು ಬೇರೆಯವರ ಕೈಯಿಂದ ಬರೆಸುತ್ತಾನೆ. ಅಬ್ಬಾನ ಅಂಗಡಿಯ ಮುಂದೆ ದಿನವೂ ಅಂಥವರು ನಿಂತಿರುತ್ತಾರೆ. “ಒಂದು ಅರ್ಜಿ ಬರೆದು ಕೊಡಮ್ಮ” ಎಂದು ನನ್ನನ್ನೇ ಕೇಳಿದ್ದಾರೆ.

ಖರ್ಚಿನ ಮಾತು. 20 ಮಕ್ಕಳು, ಎಂಟು ಭಾನುವಾರ ಎಂದುಕೊಳ್ಳಿ. ನೋಟ್‌ಬುಕ್ಕಿಗೆ ತಲಾ 25ರಂತೆ 500 ರೂಪಾಯಿ. ಪೆನ್ಸಿಲ್, ರಬ್ಬರ್ 200. ಕೊನೆಗೆ ಮಕ್ಕಳು ಬರೆದದ್ದನ್ನು 20 ಪುಟಗಳ ಒಂದು ಪುಸ್ತಕ ಮಾಡಿ 30 ಪ್ರತಿ ಜೆರಾಕ್ಸ್ ತೆಗೆದರೆ, ಪುಟಕ್ಕೆ ಒಂದು ರೂಪಾಯಿಯಂತೆ 600. ರಟ್ಟು, ಪಿನ್ನು 200. ಒಟ್ಟು 1,500 ರೂಪಾಯಿ. ಜೆರಾಕ್ಸ್ ದರ ನಮ್ಮ ಅಂಗಡಿಯದು, ಅಬ್ಬಾ ಇನ್ನೂ ಕಡಿಮೆ ಮಾಡಬಹುದು. ಆ ಪುಸ್ತಕದ ಒಂದು ಪ್ರತಿಗೆ ಗ್ರಂಥಾಲಯ ತನ್ನ ನಂಬರ್ ಹಾಕಿ, ಮುದ್ರೆ ಒತ್ತಿ, ಮಕ್ಕಳ ಕಪಾಟಿನಲ್ಲಿ ಇಡಬೇಕು. ತನ್ನ ಹೆಸರಿರುವ ಪುಸ್ತಕ ಕಪಾಟಿನಲ್ಲಿದೆ ಎಂದು ಗೊತ್ತಾದ ಮಗು ಆ ಗ್ರಂಥಾಲಯಕ್ಕೆ ಮತ್ತೆ ಬರುತ್ತದೆ, ನಾಲ್ಕು ಗೆಳೆಯರನ್ನೂ ಕರೆತರುತ್ತದೆ.

ದುಡ್ಡಿಗಿಂತ ಕಷ್ಟದ್ದು ಜನ. ನಮ್ಮ ಮಾಳಿಗೆಯಲ್ಲಿ ಕೊನೆಯ ಭಾನುವಾರ ಒಂಬತ್ತರಲ್ಲಿ ಐವರೇ ಉಳಿದಿದ್ದರು. ಇಬ್ಬರು ಊರಿಗೆ ಹೋದರು, ಇಬ್ಬರಿಗೆ ಬೇಸರ ಬಂತು. ಅದು ನಮ್ಮ ಅನುಭವದ ಕೊರತೆ. ಕರ್ನಾಟಕ ಸಾಹಿತ್ಯ ಅಕಾಡೆಮಿ ಯುವ ಬರಹಗಾರರಿಗೆ ಕಮ್ಮಟ ನಡೆಸುತ್ತದೆ. ಅಂಥಲ್ಲಿ ಪಳಗಿದವರು ಒಂದು ದಿನ ಬಂದು ನಮಗೆ ಕಲಿಸಿದರೆ, ಉಳಿದ ವಾರಗಳನ್ನು ನಾವು ನೋಡಿಕೊಳ್ಳುತ್ತೇವೆ. 2020ರ ಫೆಬ್ರವರಿಯಲ್ಲಿ ನಮ್ಮ ಊರಿನಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಮಕ್ಕಳಿಗಾಗಿ ಬಹಳ ಬರೆದ ಎಚ್.ಎಸ್. ವೆಂಕಟೇಶಮೂರ್ತಿಯವರು ಅಧ್ಯಕ್ಷರು. ಮೂರು ದಿನ ಊರು ತುಂಬ ಜನ. ಮಗುವಿಗೆ ಬೇಕಾದದ್ದು ಮೂರು ದಿನವಲ್ಲ, ವಾರಕ್ಕೆ ಒಂದು ಗಂಟೆ.

ಆದ್ದರಿಂದ ನನ್ನದು ಎರಡು ಮನವಿ. ನಗರದ ಗ್ರಂಥಾಲಯ ಅಧಿಕಾರಿಗಳಿಗೆ ಬರೆದ ಒಂದು ಪತ್ರ ನನ್ನ ಬಳಿ ಸಿದ್ಧವಿದೆ. ಮಾನ್ಯ ಪ್ರಾಂಶುಪಾಲರು ಅದಕ್ಕೆ ಒಂದು ಶಿಫಾರಸು ಸೇರಿಸಿ ಕಳಿಸಿಕೊಡಬೇಕು. ಎರಡನೆಯದು ನಿಮಗೆ, ಗೆಳೆಯರೇ. ಭಾನುವಾರದ ಒಂದು ಗಂಟೆ ಕೊಡಲು ಹತ್ತು ಮಂದಿ ಬೇಕು. ಕನ್ನಡ ಚೆನ್ನಾಗಿ ಬರಬೇಕೆಂದೇನಿಲ್ಲ, ಮಗು ಓದುವಾಗ ಕೇಳುವ ತಾಳ್ಮೆ ಇದ್ದರೆ ಸಾಕು. ಕನ್ನಡ ವಿಭಾಗದಲ್ಲಿ ಒಂದು ಪಟ್ಟಿ ಇಟ್ಟಿದ್ದೇವೆ, ಈಗ ಅದರಲ್ಲಿ ಮೂರು ಹೆಸರುಗಳಿವೆ.

ನನ್ನ ತಂಗಿ ಈಗ ಆರನೇ ತರಗತಿ. ಮಾಳಿಗೆಯ ಕೊನೆಯ ಭಾನುವಾರ ಅವಳು ಒಂದೂವರೆ ಪುಟ ಬರೆದಳು. ಕಮಲಾಪುರದ ಬಸ್ಸಿನಲ್ಲಿ ತನಗೆ ವಾಂತಿ ಬಂದದ್ದು, ಖಾಲಾ ನಿಂಬೆಹಣ್ಣು ಮೂಸಲು ಕೊಟ್ಟದ್ದು. ಆ ಹಾಳೆಗೆ ಯಾರೂ ಅಂಕ ಹಾಕಲಿಲ್ಲ. ಅವಳು ಅದನ್ನು ಇನ್ನೂ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದಾಳೆ. ಅದನ್ನು ಇಡಲು ಒಂದು ಕಪಾಟು ಬೇಕು.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ